ಕೃಷ್ಣಾ ಕಂದರಕ್ಕೆ ಒಂದು ದಿನದ ಪ್ರವಾಸ: ಯೋಜನೆ, ಲೆಕ್ಕ ಮತ್ತು ಹೊಣೆ

ನಾರ್ವೆ ದೇಶದ ಫ್ಯೋರ್ಡ್‌ಗಳ ವರ್ಣಚಿತ್ರವನ್ನು ಗೋಡೆಯ ಕ್ಯಾಲೆಂಡರಿನಲ್ಲಾಗಲಿ, ಪ್ರವಾಸ ಕಂಪನಿಗಳ ಕರಪತ್ರದಲ್ಲಾಗಲಿ ನೋಡದವರು ವಿರಳ. ಎರಡೂ ಬದಿಗೆ ಕಡಿದಾದ ಬಂಡೆಯ ಗೋಡೆ, ನಡುವೆ ಆಳವಾದ ನೀಲಿ ನೀರು, ಅಂಚಿನಿಂದ ಧುಮುಕುವ ಜಲಧಾರೆ. ಹಿಮಯುಗದಲ್ಲಿ ಬೃಹತ್ ಹಿಮನದಿಗಳು ಕಣಿವೆಗಳನ್ನು ಉಜ್ಜಿ ಆಳವಾಗಿಸಿದವು. ಹಿಮ ಕರಗಿ ಹಿಂದೆ ಸರಿದ ಮೇಲೆ ಸಮುದ್ರದ ನೀರು ಒಳನುಗ್ಗಿತು. ಇಂತಹ ಕಣಿವೆಯೇ ಫ್ಯೋರ್ಡ್. ನಾರ್ವೆಯ ಸೋನೆ ಫ್ಯೋರ್ಡ್ 200 ಕಿಲೋಮೀಟರಿಗೂ ಉದ್ದವಾಗಿದ್ದು, ಅದರ ಗರಿಷ್ಠ ಆಳ ಸುಮಾರು 1,300 ಮೀಟರ್. ಗೈರಾಂಗರ್ ಹಾಗೂ ನೆರೋಯ್ ಫ್ಯೋರ್ಡ್‌ಗಳನ್ನು ಯುನೆಸ್ಕೋ ಸಂಸ್ಥೆಯು 2005ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಬಯಲುಸೀಮೆಯಾದ ನಮ್ಮಲ್ಲಿ ಹಿಮನದಿಯೂ ಇಲ್ಲ, ಸಮುದ್ರವೂ ಇಲ್ಲ. ಆದುದರಿಂದ ಫ್ಯೋರ್ಡ್ ಎಂಬ ಹೆಸರಿಗೆ ಅರ್ಹವಾದ ಸ್ಥಳ ನಮ್ಮಲ್ಲಿರಲು ಸಾಧ್ಯವಿಲ್ಲ. ಆದರೆ ಕಡಿದಾದ ಬಂಡೆಗಳ ನಡುವೆ ನೀರು ಹರಿಯುವ ದೃಶ್ಯವನ್ನು ನೋಡಬೇಕೆಂಬ ಅಪೇಕ್ಷೆಯುಳ್ಳವರಿಗೆ ಯಾದಗಿರಿ, ಶಹಾಪುರ ಹಾಗೂ ಸುರಪುರಗಳಿಂದ ಒಂದೇ ದಿನದಲ್ಲಿ ಹೋಗಿ ಬರಬಹುದಾದ ತಾಣವೊಂದಿದೆ. ಅದು ನಾರಾಯಣಪುರದ ಕೆಳಭಾಗದಲ್ಲಿ ಛಾಯಾ ಭಗವತಿಯಿಂದ ಜಲದುರ್ಗದ ಕಡೆಗೆ ಸಾಗುವ ಕೃಷ್ಣಾ ನದಿಯ ಕಂದರ. ಸದಸ್ಯರಲ್ಲಿ ಅನೇಕರು ಕುಟುಂಬದೊಡನೆ ಅಥವಾ ಅಂಗಡಿ, ಮಿಲ್ಲುಗಳ ಸಿಬ್ಬಂದಿಯೊಡನೆ ಅಲ್ಲಿಗೆ ಹೋಗುವುದುಂಟು. ಆದರೆ ಹೊರಡುವ ದಿನವನ್ನು ರಜೆಯ ಅನುಕೂಲ ನೋಡಿ, ವಾಹನವನ್ನು ಕೈಗೆ ಸಿಕ್ಕಿದ್ದನ್ನು ನೋಡಿ ಗೊತ್ತುಪಡಿಸುವುದೇ ಹೆಚ್ಚು. ಈ ಎರಡು ನಿರ್ಧಾರಗಳೂ ದುಬಾರಿಯಾಗಬಲ್ಲವು. ನದಿಯ ಅಂಕಿ ಮೊದಲು, ವಾಹನದ ವಿಮೆ ಎರಡನೆಯದು, ರಜೆಯ ದಿನ ಮೂರನೆಯದು ಎಂಬ ಕ್ರಮವನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

1. ಸ್ಥಳದ ಪರಿಚಯ

ದಖ್ಖನ್ ಪ್ರಸ್ಥಭೂಮಿಯ ಎತ್ತರದಿಂದ ಸುರಪುರ ಹಾಗೂ ರಾಯಚೂರು ಸೀಮೆಯ ತಗ್ಗು ಬಯಲಿಗೆ ಕೃಷ್ಣೆ ಇಳಿಯುವುದು ಈ ಭಾಗದಲ್ಲಿ. ಸುಮಾರು 3 ಮೈಲಿಗಳ ಅಂತರದಲ್ಲಿ ನದಿಯು ಸುಮಾರು 408 ಅಡಿ ಕೆಳಗಿಳಿಯುತ್ತದೆಂದು ಬ್ರಿಟಿಷರ ಕಾಲದ ಇಂಪೀರಿಯಲ್ ಗೆಜೆಟಿಯರ್ ದಾಖಲಿಸಿದೆ. ಇಂದಿನ ಮಾನದಲ್ಲಿ ಹೇಳುವುದಾದರೆ 5 ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ಸುಮಾರು 124 ಮೀಟರುಗಳ ಇಳಿತ. ಒಂದೇ ಜಿಗಿತದ ಜಲಪಾತವನ್ನು ಇಲ್ಲಿ ನಿರೀಕ್ಷಿಸಬಾರದು. ಮೆಟ್ಟಿಲು ಮೆಟ್ಟಿಲಾದ ಬಂಡೆಗಳ ಮೇಲೆ ನೀರು ಒಡೆದು, ಕವಲಾಗಿ, ಮತ್ತೆ ಕೂಡಿ ಹರಿಯುತ್ತದೆ. ಈ ಬಂಡೆಗಳು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಗ್ರಾನೈಟ್ ಶಿಲಾಸಮೂಹಕ್ಕೆ ಸೇರಿದವು. ನಾರ್ವೆಯಲ್ಲಿ ಹಿಮ ಮಾಡಿದ ಕೆಲಸವನ್ನು ಇಲ್ಲಿ ಹರಿಯುವ ನೀರೊಂದೇ ಮಾಡಿದೆ.

ಎಡದಂಡೆಯಲ್ಲಿ, ಹುಣಸಗಿ ತಾಲೂಕಿನ ನಾರಾಯಣಪುರದ ಸಮೀಪ, ನದಿಯ ಪಾತ್ರಕ್ಕೆ ಹೊಂದಿಕೊಂಡಂತೆ ಛಾಯಾ ಭಗವತಿ ದೇವಸ್ಥಾನವಿದೆ. ಛಾಯಾದೇವಿ ಸೂರ್ಯನ ಪತ್ನಿಯೆಂಬುದು ಪುರಾಣದ ಮಾತು. ಮಕರ ಸಂಕ್ರಾಂತಿ ಮೊದಲಾದ ಪರ್ವದಿನಗಳಲ್ಲಿ ಪುಣ್ಯಸ್ನಾನಕ್ಕೆ ಭಕ್ತರ ದಟ್ಟಣೆ ಇರುತ್ತದೆ. ನದಿಯ ಕೆಳಗಡೆ, ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿಗೆ ಸೇರಿದ ಜಲದುರ್ಗವು ಕೃಷ್ಣೆಯ ಕವಲುಗಳ ನಡುವಿನ ನಡುಗಡ್ಡೆ. ಅಲ್ಲಿನ ಕೋಟೆಯ ಮೇಲಿನಿಂದ ಕಾಣುವ ಕಂದರದ ನೋಟವೇ ಈ ಪ್ರವಾಸದ ಮುಖ್ಯ ಆಕರ್ಷಣೆ. ಸುರಪುರದ ಕಡೆಯಿಂದ ಹೋಗುವವರು ತಿಂಥಣಿ ಸೇತುವೆಯನ್ನು ದಾಟಿ ಲಿಂಗಸುಗೂರಿನ ಮಾರ್ಗವಾಗಿ ಜಲದುರ್ಗವನ್ನು ತಲುಪಬಹುದು. ಎರಡೂ ಸ್ಥಳಗಳು ನದಿಯ ಬೇರೆ ಬೇರೆ ಬದಿಯಿಂದ ತಲುಪತಕ್ಕವಾದುದರಿಂದ, ಹಿರಿಯರೂ ಮಕ್ಕಳೂ ಜೊತೆಗಿರುವ ಪ್ರವಾಸದಲ್ಲಿ ಒಂದು ದಿನಕ್ಕೆ ಒಂದನ್ನೇ ಇಟ್ಟುಕೊಳ್ಳುವುದು ಲೇಸು.

2. ನದಿಯ ಕಿರ್ದಿಯನ್ನು ಓದುವ ಕ್ರಮ

ಫ್ಯೋರ್ಡ್‌ಗೂ ನಮ್ಮ ಕಂದರಕ್ಕೂ ಇರುವ ಮುಖ್ಯ ವ್ಯತ್ಯಾಸವೊಂದನ್ನು ಇಲ್ಲಿ ಗಮನಿಸಬೇಕು. ಫ್ಯೋರ್ಡ್‌ನಲ್ಲಿ ಸಮುದ್ರದ ನೀರು ವರ್ಷವಿಡೀ ಇರುತ್ತದೆ. ನಮ್ಮ ಕಂದರದಲ್ಲಿ ಎಷ್ಟು ನೀರಿರಬೇಕೆಂಬುದನ್ನು ಮೇಲ್ಭಾಗದಲ್ಲಿರುವ ನಾರಾಯಣಪುರ ಅಣೆಕಟ್ಟಿನ, ಅಂದರೆ ಬಸವಸಾಗರದ, ಗೇಟುಗಳು ನಿರ್ಧರಿಸುತ್ತವೆ. 1982ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟಿನ ಉದ್ದ 10 ಕಿಲೋಮೀಟರಿಗೂ ಅಧಿಕ; ಪೂರ್ಣ ಮಟ್ಟ 492.25 ಮೀಟರ್, ಸಂಗ್ರಹ ಸಾಮರ್ಥ್ಯ ಸುಮಾರು 33 ಟಿಎಂಸಿ, ಅಂದರೆ 33 ಶತಕೋಟಿ ಘನ ಅಡಿ. ಇದರ ಮೇಲ್ಗಡೆಯಿರುವ ಆಲಮಟ್ಟಿ ಜಲಾಶಯದ ಸಾಮರ್ಥ್ಯ 519.6 ಮೀಟರ್ ಮಟ್ಟದಲ್ಲಿ ಸುಮಾರು 123 ಟಿಎಂಸಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಆಲಮಟ್ಟಿಯು ಸಗಟು ಗೋದಾಮು, ನಾರಾಯಣಪುರವು ಅದರ ಮುಂದಿನ ಚಿಕ್ಕ ಅಂಗಡಿ. ಗೋದಾಮಿನಿಂದ ಮಾಲು ಒಂದೇ ಸಮನೆ ಬರತೊಡಗಿದರೆ ಅಂಗಡಿಯಲ್ಲಿ ಇಟ್ಟುಕೊಳ್ಳಲು ಜಾಗವಿರುವುದಿಲ್ಲ. ಬಂದಷ್ಟನ್ನೂ ಮುಂದಕ್ಕೆ ಸಾಗಿಸಲೇಬೇಕು.

ಮಳೆಗಾಲದಲ್ಲಿ ಜಲಾಶಯಗಳ ಮಟ್ಟ, ಒಳಹರಿವು, ಹೊರಹರಿವುಗಳ ಅಂಕಿಗಳು ದಿನಪತ್ರಿಕೆಗಳಲ್ಲಿ ಪ್ರಕಟವಾಗುತ್ತವೆ. ಇವು ರೋಕಡ ಕಿರ್ದಿಯಂತೆಯೇ ಇವೆ: ಆರಂಭದ ಶಿಲ್ಕು, ಅದಕ್ಕೆ ಜಮಾ, ಅದರಿಂದ ಖರ್ಚು, ಕೊನೆಗೆ ಉಳಿದ ಶಿಲ್ಕು. ಕ್ಯುಸೆಕ್ ಎಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್ ನೀರು. ಒಂದು ಲಕ್ಷ ಕ್ಯುಸೆಕ್ ಎಂದರೆ ಪ್ರತಿ ಸೆಕೆಂಡಿಗೆ ಸುಮಾರು 28 ಲಕ್ಷ ಲೀಟರ್. 12,000 ಲೀಟರಿನ ಟ್ಯಾಂಕರ್ ಲಾರಿಗಳ ಲೆಕ್ಕದಲ್ಲಿ ಸೆಕೆಂಡಿಗೆ 230ಕ್ಕೂ ಹೆಚ್ಚು ಲಾರಿಗಳು. ದಿನವೊಂದಕ್ಕೆ 86,400 ಸೆಕೆಂಡುಗಳಿರುವುದರಿಂದ, ಒಂದು ಲಕ್ಷ ಕ್ಯುಸೆಕ್ ಹರಿವು ಒಂದು ದಿನದಲ್ಲಿ 8.64 ಟಿಎಂಸಿ ಆಗುತ್ತದೆ. ಅಂದಮೇಲೆ ಸಂಪೂರ್ಣ ಬರಿದಾದ ನಾರಾಯಣಪುರ ಜಲಾಶಯವೂ ಈ ಹರಿವಿಗೆ ನಾಲ್ಕು ದಿನಗಳೊಳಗೆ ತುಂಬಿಬಿಡುತ್ತದೆ. ಮಳೆಗಾಲದ ನಡುವೆ ಅದು ಬರಿದಾಗಿರುವುದು ಅಪರೂಪ. ಆದುದರಿಂದ ಪ್ರವಾಹವನ್ನು ತಡೆಹಿಡಿಯುವ ಶಕ್ತಿ ಅದಕ್ಕೆ ಅಲ್ಪ.

ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಜಲಾಶಯ ಪೂರ್ಣ ಮಟ್ಟಕ್ಕೆ ಸಮೀಪವಿದೆ. ಒಳಹರಿವು 1,00,000 ಕ್ಯುಸೆಕ್. ಕಾಲುವೆಗಳಿಗೆ 10,000 ಕ್ಯುಸೆಕ್ ಬಿಡಲಾಗುತ್ತಿದೆ. ಉಳಿದ 90,000 ಕ್ಯುಸೆಕ್ ಎಲ್ಲಿಗೆ ಹೋಗಬೇಕು? ಕಂದರಕ್ಕೇ. ಇದೇ ದಿನ ಪತ್ರಿಕೆಯಲ್ಲಿ ಆಲಮಟ್ಟಿಯ ಹೊರಹರಿವು ಏರುತ್ತಿರುವುದು ಕಂಡುಬಂದರೆ, ಆ ಏರಿಕೆ ಬೇಗನೆ ನಾರಾಯಣಪುರಕ್ಕೂ ತಲುಪುತ್ತದೆಂದು ತಿಳಿಯಬೇಕು. ಆದುದರಿಂದ ನೋಡಬೇಕಾದ ಅಂಕಿಗಳು ಮೂರು: ನಾರಾಯಣಪುರದ ಮಟ್ಟ, ನಾರಾಯಣಪುರದ ಹೊರಹರಿವು ಮತ್ತು ಆಲಮಟ್ಟಿಯ ಹೊರಹರಿವು. ಒಂದು ದಿನದ ಅಂಕಿಯಿಂದ ತೀರ್ಮಾನಕ್ಕೆ ಬಾರದೆ ಕನಿಷ್ಠ ಮೂರು ನಾಲ್ಕು ದಿನಗಳ ಅಂಕಿಗಳನ್ನು ಹೋಲಿಸಿ, ಏರುತ್ತಿವೆಯೋ ಇಳಿಯುತ್ತಿವೆಯೋ ನೋಡತಕ್ಕದ್ದು. ಏರುತ್ತಿದ್ದರೆ ಪ್ರವಾಸವನ್ನು ಮುಂದೂಡುವುದೇ ಸರಿ.

ಇಲ್ಲಿ ಮಳೆ ಬಿದ್ದಿದೆಯೇ ಎಂಬುದು ಮುಖ್ಯವಲ್ಲ ಎಂಬುದನ್ನೂ ನೆನಪಿಡಬೇಕು. ಯಾದಗಿರಿಯಲ್ಲಿ ಬಿಸಿಲು ಕಾಯುತ್ತಿರುವಾಗಲೇ ಮಹಾರಾಷ್ಟ್ರದ ಪಶ್ಚಿಮ ಘಟ್ಟಗಳಲ್ಲಿ ಸುರಿದ ಮಳೆ ಇಲ್ಲಿ ಪ್ರವಾಹವಾಗಿ ಬರುತ್ತದೆ. 2019ರ ಆಗಸ್ಟ್ ತಿಂಗಳಲ್ಲಿ ಹೀಗೆಯೇ ಆಗಿ, ನಾರಾಯಣಪುರದಿಂದ 5 ಲಕ್ಷ ಕ್ಯುಸೆಕ್‌ಗೂ ಅಧಿಕ ನೀರನ್ನು ಬಿಡಬೇಕಾಯಿತು. ಛಾಯಾ ಭಗವತಿ ದೇವಸ್ಥಾನ ಜಲಾವೃತವಾಯಿತು; ಜಲದುರ್ಗದ ಕಡೆಯ ಶೀಲಹಳ್ಳಿ ಸೇತುವೆಯೂ, ಶಹಾಪುರ ಮತ್ತು ದೇವದುರ್ಗಗಳ ನಡುವಿನ ಹೂವಿನಹೆಡಗಿ ಸೇತುವೆಯೂ ಮುಳುಗಿದವು. ಈ ಎರಡನೆಯ ಸೇತುವೆ ಮುಳುಗಿದಾಗ ಸರಕಿನ ಲಾರಿಗಳು ಸುತ್ತಿ ಹೋಗಬೇಕಾಗುವ ಕಷ್ಟ ನಮ್ಮ ವ್ಯಾಪಾರಸ್ಥರಿಗೆ ಚೆನ್ನಾಗಿ ತಿಳಿದಿದೆ. ಲಾರಿಯನ್ನು ಕಳುಹಿಸುವ ಮುನ್ನ ಸೇತುವೆಯ ಸ್ಥಿತಿಯನ್ನು ವಿಚಾರಿಸುವವರು, ಮನೆಯವರನ್ನು ಕರೆದೊಯ್ಯುವ ಮುನ್ನವೂ ವಿಚಾರಿಸಬೇಕಲ್ಲವೇ?

ನಾರ್ವೆಯವರೂ ಈ ಪಾಠವನ್ನು ಕಷ್ಟದಿಂದಲೇ ಕಲಿತರು. 1934ರ ಏಪ್ರಿಲ್ 7ರಂದು ಅಲ್ಲಿನ ತಾಫ್ಯೋರ್ಡ್‌ನಲ್ಲಿ ಬೆಟ್ಟದ ಭಾಗವೊಂದು ಕುಸಿದು ನೀರಿಗೆ ಬಿದ್ದಾಗ ಎದ್ದ ಅಲೆಗೆ 40 ಜನ ಬಲಿಯಾದರು. ಗೈರಾಂಗರ್ ಪ್ರದೇಶದ ಓಕ್ನೆಸ್ ಎಂಬ ಬಿರುಕು ಬಿಟ್ಟ ಬೆಟ್ಟವನ್ನು ಇಂದು ಉಪಕರಣಗಳ ಮೂಲಕ ನಿರಂತರವಾಗಿ ಅಳೆಯಲಾಗುತ್ತಿದೆ. ಆ ಅಳತೆಯ ಭರವಸೆಯ ಮೇಲೆಯೇ ಅಲ್ಲಿನ ಪ್ರವಾಸೋದ್ಯಮ ನಡೆದಿದೆ. ನಮಗೂ ಅಳತೆಗಳು ದೊರೆಯುತ್ತವೆ. ಓದುವ ಅಭ್ಯಾಸ ಬೆಳೆಯಬೇಕಾಗಿದೆ.

3. ಯಾವಾಗ ಹೋಗಬೇಕು?

ಜುಲೈಯಿಂದ ಅಕ್ಟೋಬರ್ ಮಧ್ಯದವರೆಗಿನ ಕಾಲ ನದಿಯ ವೈಭವದ ಕಾಲ. ಅದೇ ಅಪಾಯದ ಕಾಲವೂ ಹೌದು. ಈ ಅವಧಿಯಲ್ಲಿ ಆಡಳಿತವು ಪ್ರವೇಶ ನಿಷೇಧಿಸಿದ್ದರೆ ಮರು ಮಾತಿಲ್ಲದೆ ಪಾಲಿಸಬೇಕು. ಮಾರ್ಚಿಯಿಂದ ಮೇವರೆಗೆ ಬಂಡೆಗಳು ಕಾದ ಹೆಂಚಿನಂತಾಗುತ್ತವೆ, ನೀರೂ ಕಡಿಮೆ. ನವೆಂಬರಿನಿಂದ ಫೆಬ್ರವರಿವರೆಗಿನ ಅವಧಿ ಹವೆಗೆ ಅನುಕೂಲ. ಬಂಡೆಗಳ ರಚನೆಯೂ ಸ್ಪಷ್ಟವಾಗಿ ಕಾಣುತ್ತದೆ.

ಆದರೆ ವ್ಯಾಪಾರಸ್ಥರಿಗೆ ತಮ್ಮದೇ ಆದ ಪಂಚಾಂಗವಿದೆ. ಅಕ್ಟೋಬರ್ ಅಂತ್ಯದವರೆಗೆ ಲೆಕ್ಕಪರಿಶೋಧನೆ ಹಾಗೂ ಆದಾಯ ತೆರಿಗೆ ವಿವರಪಟ್ಟಿಗಳ ಒತ್ತಡ. ಡಿಸೆಂಬರ್ ಕೊನೆಯಿಂದ ಹೊಸ ತೊಗರಿಯ ಆವಕ ಆರಂಭವಾದ ಮೇಲೆ ಅಡತಿ ಅಂಗಡಿಗಳಿಗೂ ದಾಲ್ ಮಿಲ್ಲುಗಳಿಗೂ ಬಿಡುವಿರುವುದಿಲ್ಲ. ಮಾಸಿಕ ಜಿಎಸ್‌ಟಿ ವಿವರಪಟ್ಟಿ ಸಲ್ಲಿಸುವವರಿಗೆ ಪ್ರತಿ ತಿಂಗಳ 20ನೆಯ ತಾರೀಖು ತಪ್ಪಿದ್ದಲ್ಲ. ಇವನ್ನೆಲ್ಲ ಕೂಡಿಸಿ ನೋಡಿದರೆ, ದೀಪಾವಳಿಯ ಲಕ್ಷ್ಮೀಪೂಜೆ ಮುಗಿದ ಮೇಲೆ, ತೊಗರಿಯ ಆವಕ ಬರುವ ಮುನ್ನ, ನವೆಂಬರ್ 20ರ ನಂತರದ ಎರಡು ಮೂರು ವಾರಗಳು ಬಹುಮಟ್ಟಿಗೆ ಎಲ್ಲರಿಗೂ ಹೊಂದುತ್ತವೆ. ಹತ್ತಿಯ ವಹಿವಾಟಿನವರು ಮತ್ತು ಜಿನ್ನಿಂಗ್ ಕಾರ್ಖಾನೆಯವರು ತಮ್ಮ ಹಂಗಾಮಿಗೆ ತಕ್ಕಂತೆ ಫೆಬ್ರವರಿಯನ್ನು ಆರಿಸಿಕೊಳ್ಳಬಹುದು. ಅಮಾವಾಸ್ಯೆಯಂದು ವಹಿವಾಟು ನಿಲ್ಲಿಸುವ ಪದ್ಧತಿಯುಳ್ಳವರು ಅದೇ ದಿನವನ್ನು ಇಟ್ಟುಕೊಂಡರೆ ಅಂಗಡಿಗೆ ಹೆಚ್ಚುವರಿ ರಜೆಯ ನಷ್ಟವಿಲ್ಲ. ಆದರೆ ಅಂದು ದೇವಸ್ಥಾನದಲ್ಲಿ ಜನ ಹೆಚ್ಚಿರಬಹುದೆಂಬುದನ್ನು ಗಮನಿಸಬೇಕು.

ಯಾವ ತಿಂಗಳಾದರೂ ನೀರಿನ ಬಗ್ಗೆ ಸದರ ಸಲ್ಲದು. ಪಾಚಿ ಕಟ್ಟಿದ ಗ್ರಾನೈಟ್ ಬಂಡೆ ಎಣ್ಣೆ ಸವರಿದಂತೆ ಜಾರುತ್ತದೆ. ಮೇಲೆ ಶಾಂತವಾಗಿ ಕಾಣುವ ಮಡುವುಗಳಲ್ಲಿ ಸುಳಿಗಳಿರುತ್ತವೆ. ಕೃಷ್ಣೆಯಲ್ಲಿ ಮೊಸಳೆಗಳೂ ಇವೆ. ಸ್ನಾನಕ್ಕೆ ಗೊತ್ತುಪಡಿಸಿದ ಸ್ಥಳವನ್ನು ಬಿಟ್ಟು ಬೇರೆಲ್ಲಿಯೂ ಇಳಿಯಬಾರದು. ನದಿಯ ನಡುವಿನ ಬಂಡೆಯ ಮೇಲೆ ಕುಳಿತು ಬುತ್ತಿ ಬಿಚ್ಚುವ ಉತ್ಸಾಹವನ್ನು ದಡದಲ್ಲಿಯೇ ತೀರಿಸಿಕೊಳ್ಳುವುದು ಕ್ಷೇಮ.

4. ವಾಹನ ಮತ್ತು ಮಾಲೀಕನ ಹೊಣೆ

ಸಿಬ್ಬಂದಿ, ಹಮಾಲರು ಹಾಗೂ ಅವರ ಮನೆಮಂದಿಯನ್ನು ಕರೆದೊಯ್ಯುವಾಗ ಅಂಗಡಿಯದೇ ಆದ ಗೂಡ್ಸ್ ಟೆಂಪೊ ಅಥವಾ ಪರಿಚಯದವರ ಟ್ರ್ಯಾಕ್ಟರ್ ಟ್ರೇಲರ್ ಬಳಸುವ ರೂಢಿ ನಮ್ಮ ಭಾಗದಲ್ಲಿ ಇನ್ನೂ ಇದೆ. ಇದರ ಪರಿಣಾಮವನ್ನು ಸದಸ್ಯರು ಗಂಭೀರವಾಗಿ ಪರಿಶೀಲಿಸಬೇಕು. ಸರಕು ಸಾಗಣೆ ವಾಹನದಲ್ಲಿ ಉಚಿತವಾಗಿ ಪ್ರಯಾಣಿಸುವವರಿಗೆ ಅಪಘಾತವಾದರೆ ಪರಿಹಾರ ನೀಡುವ ಹೊಣೆ ವಿಮಾ ಕಂಪನಿಯ ಮೇಲೆ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2002ರ ಡಿಸೆಂಬರಿನಲ್ಲಿ ಆಶಾ ರಾಣಿ ಪ್ರಕರಣದಲ್ಲಿ ತೀರ್ಪು ನೀಡಿದೆ. ಸರಕಿನೊಡನೆ ಕೆಲಸದ ನಿಮಿತ್ತ ಹೋಗುವ ಹಮಾಲರ ಸ್ಥಿತಿ ಬೇರೆ. ವಿಹಾರಕ್ಕೆಂದು ಅದೇ ವಾಹನ ಹತ್ತುವವರ ಸ್ಥಿತಿ ಬೇರೆ. ವಿಮಾ ಕಂತು ತಪ್ಪದೆ ಕಟ್ಟಿದ್ದರೂ ಆ ದಿನದ ಮಟ್ಟಿಗೆ ಆ ಪಾಲಿಸಿಯ ರಕ್ಷಣೆ ಇಲ್ಲದಂತೆಯೇ ಸರಿ.

ಆಗ ಪರಿಹಾರದ ಮೊತ್ತವನ್ನು ಕೊಡಬೇಕಾದವರು ವಾಹನದ ಮಾಲೀಕರು. ನಮ್ಮ ಸದಸ್ಯರಲ್ಲಿ ಬಹುಪಾಲು ಸ್ವಂತ ಮಾಲೀಕತ್ವದ ಅಥವಾ ಪಾಲುದಾರಿಕೆಯ ಸಂಸ್ಥೆಗಳವರು. ಇಲ್ಲಿ ಹೊಣೆಗೆ ಮಿತಿಯಿಲ್ಲ. ಅಂಗಡಿಯ ಬಂಡವಾಳ ಸಾಲದಿದ್ದರೆ ಮನೆ, ಹೊಲಗಳವರೆಗೂ ಅದು ತಲುಪಬಹುದು. ಕುಟುಂಬದ ದುಡಿಯುವ ಕೈಯೊಂದನ್ನು ಕಳೆದುಕೊಂಡವರಿಗೆ ಆ ಪರಿಹಾರವೂ ಸಕಾಲದಲ್ಲಿ ದೊರೆಯದೆ ಹೋಗುವುದು ಇದಕ್ಕಿಂತ ದೊಡ್ಡ ಅನ್ಯಾಯ. ಆದುದರಿಂದ ಪ್ರಯಾಣಿಕರ ಪರವಾನಗಿಯುಳ್ಳ, ಹಳದಿ ಫಲಕದ ಬಸ್ ಅಥವಾ ಮ್ಯಾಕ್ಸಿಕ್ಯಾಬನ್ನೇ ಗೊತ್ತುಪಡಿಸಬೇಕು. ಪರವಾನಗಿ, ವಿಮೆ, ಅರ್ಹತಾ ಪತ್ರ ಮತ್ತು ಚಾಲಕನ ಲೈಸೆನ್ಸ್ ಈ ನಾಲ್ಕರ ಪ್ರತಿಗಳನ್ನು ಮುಂಗಡ ಕೊಡುವ ಮುನ್ನವೇ ಪಡೆಯತಕ್ಕದ್ದು. ಆಸನಗಳ ಸಂಖ್ಯೆ ಮೀರಿ ಜನರನ್ನು ಕೂರಿಸಬಾರದು. ಬಿಳಿ ಫಲಕದ ಖಾಸಗಿ ಕಾರನ್ನು ಬಾಡಿಗೆಗೆ ಪಡೆಯುವುದೂ ವಿಮೆಯ ಷರತ್ತಿಗೆ ವಿರುದ್ಧ.

ಬಾಡಿಗೆಯ ಮಾತುಕತೆಯಲ್ಲಿ ಇನ್ನೊಂದು ಷರತ್ತನ್ನು ಬರೆಯಿಸಿಕೊಳ್ಳಿರಿ: ಪ್ರವಾಹದಿಂದಾಗಿ ಮಾರ್ಗ ಮುಚ್ಚಿದರೆ ಮುಂಗಡವು ಬೇರೊಂದು ದಿನಕ್ಕೆ ವರ್ಗವಾಗಬೇಕು. ಮುಂಗಡ ಮುಳುಗುತ್ತದೆಂಬ ಚಿಂತೆಯಿಂದಲೇ ಅನೇಕರು ಹೊರಡಬಾರದ ದಿನ ಹೊರಡುತ್ತಾರೆ. ಜೊತೆಗೆ ಪರ್ಯಾಯ ಯೋಜನೆಯೂ ಸಿದ್ಧವಿರಲಿ. ಸುರಪುರದ ಸಮೀಪದ ಬೋನಾಳ ಕೆರೆಯ ಪಕ್ಷಿಧಾಮ, 1841ರಿಂದ 1853ರವರೆಗೆ ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ ಕಟ್ಟಿಸಿದ ಟೇಲರ್ ಮಂಜಿಲ್, ಶಹಾಪುರದ ಬುದ್ಧ ಮಲಗಿದ ಬೆಟ್ಟ ಇವು ನದಿಯ ಹಂಗಿಲ್ಲದೆ ನೋಡಬಹುದಾದ ತಾಣಗಳು.

5. ವೆಚ್ಚದ ಲೆಕ್ಕ

ಪ್ರವಾಸದ ವೆಚ್ಚವನ್ನು ಅಂಗಡಿಯ ಖಾತೆಗೆ ಬರೆಯಬಹುದೇ ಎಂಬುದು ಪದೇ ಪದೇ ಬರುವ ಪ್ರಶ್ನೆ. ವ್ಯವಹಾರದ ಸಲುವಾಗಿಯೇ ಮಾಡಿದ ವೆಚ್ಚಕ್ಕೆ ಮಾತ್ರ ಆದಾಯ ತೆರಿಗೆಯಲ್ಲಿ ಮಾನ್ಯತೆ. 1961ರ ಕಾಯ್ದೆಯ 37ನೆಯ ಕಲಮಿನಲ್ಲಿದ್ದ ಈ ತತ್ವವನ್ನು 2025ರ ಹೊಸ ಕಾಯ್ದೆಯೂ ಉಳಿಸಿಕೊಂಡಿದೆ. ಕಲಮಿನ ಸಂಖ್ಯೆ ಮಾತ್ರ ಬದಲಾಗಿದೆ. ಸಿಬ್ಬಂದಿಯನ್ನು ಕರೆದೊಯ್ದ ವೆಚ್ಚವನ್ನು ಸಿಬ್ಬಂದಿ ಕಲ್ಯಾಣ ವೆಚ್ಚವೆಂದು ಬರೆಯಬಹುದು. ಮಾಲೀಕನ ಕುಟುಂಬದ ವೆಚ್ಚ ಅವನ ಸ್ವಂತ ಖರ್ಚು. ಅದು ಹಿಂತೆಗೆತ ಖಾತೆಗೆ ಹೋಗಬೇಕು. ಬಸ್ಸಿನಲ್ಲಿ 30 ಜನರಿದ್ದು ಅವರಲ್ಲಿ 10 ಜನ ಮಾಲೀಕನ ಮನೆಯವರಾಗಿದ್ದರೆ, ಒಟ್ಟು ವೆಚ್ಚದ ಮೂರನೆಯ ಒಂದು ಭಾಗವನ್ನು ಹಿಂತೆಗೆತಕ್ಕೆ ಬರೆದು ಉಳಿದುದನ್ನು ಮಾತ್ರ ಸಂಸ್ಥೆಯ ವೆಚ್ಚವೆಂದು ತೋರಿಸುವುದು ಪ್ರಾಮಾಣಿಕ ಕ್ರಮ. ಹೋದವರ ಹೆಸರುಗಳ ಪಟ್ಟಿಯೊಂದನ್ನು ಬಿಲ್ಲಿನೊಡನೆ ಲಗತ್ತಿಸಿಟ್ಟರೆ ಮುಂದೆ ಪ್ರಶ್ನೆ ಬಂದಾಗ ಉತ್ತರ ಸುಲಭ.

ನಗದು ಪಾವತಿಯ ಮಿತಿಯನ್ನೂ ಮರೆಯಬಾರದು. ಒಬ್ಬ ವ್ಯಕ್ತಿಗೆ ಒಂದೇ ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ವೆಚ್ಚಕ್ಕೆ ಮಾನ್ಯತೆ ಇಲ್ಲ. ಸರಕು ಲಾರಿಯ ಬಾಡಿಗೆಗೆ ಈ ಮಿತಿ 35,000 ರೂಪಾಯಿ ಇರುವುದರಿಂದ ಬಸ್ಸಿಗೂ ಅದೇ ಅನ್ವಯಿಸುತ್ತದೆಂದು ಕೆಲವರು ಭಾವಿಸುತ್ತಾರೆ. ಆ ರಿಯಾಯಿತಿ ಸರಕು ವಾಹನಗಳಿಗೆ ಮಾತ್ರ. ಉದಾಹರಣೆಗೆ, ಬಸ್ ಬಾಡಿಗೆ 14,000 ರೂಪಾಯಿಗಳನ್ನು ನಗದಾಗಿ ಕೊಟ್ಟರೆ ಮಿತಿ ಮೀರಿದ 4,000 ಮಾತ್ರವಲ್ಲದೆ ಪೂರ್ತಿ 14,000 ರೂಪಾಯಿಯೂ ಅಮಾನ್ಯವಾಗುತ್ತದೆ. ಬ್ಯಾಂಕ್ ಖಾತೆಯ ಮೂಲಕ ಅಥವಾ ಯುಪಿಐ ಮೂಲಕ ಕೊಟ್ಟರೆ ಈ ತೊಡಕಿಲ್ಲ. ಬಾಡಿಗೆಯ ಒಂದೇ ಬಿಲ್ಲು 30,000 ರೂಪಾಯಿ ಮೀರಿದರೆ ಮೂಲದಲ್ಲಿ ತೆರಿಗೆ ಕಡಿತದ ಪ್ರಶ್ನೆಯೂ ಏಳುವುದರಿಂದ ತಮ್ಮ ಲೆಕ್ಕಪರಿಶೋಧಕರನ್ನು ಮುಂಚಿತವಾಗಿ ವಿಚಾರಿಸುವುದು ಒಳಿತು.

ಜಿಎಸ್‌ಟಿ ಬಗ್ಗೆ ಒಂದು ಮಾತು. ಸಿಬ್ಬಂದಿಗೆ ರಜೆಯಲ್ಲಿ ನೀಡುವ ಪ್ರವಾಸ ಸೌಲಭ್ಯಕ್ಕೂ, ಮಾಲೀಕನ ಸ್ವಂತ ಉಪಯೋಗಕ್ಕೂ ಸಾಮಾನ್ಯವಾಗಿ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುವುದಿಲ್ಲ. ಹೋಟೆಲ್ ಊಟದ ಬಿಲ್ಲಿನ ತೆರಿಗೆಯೂ ಹಾಗೆಯೇ. ಬಿಲ್ಲಿನಲ್ಲಿರುವ ತೆರಿಗೆಯನ್ನು ವೆಚ್ಚದ ಭಾಗವಾಗಿಯೇ ಬರೆಯತಕ್ಕದ್ದು.

ಉಪಸಂಹಾರ

ಹೊರಡುವ ಮುನ್ನ ಹೀಗೆ ಮಾಡಿರಿ. ತಿಂಗಳು ಮುಂಚೆ ಅವಧಿಯನ್ನು ಗೊತ್ತುಮಾಡಿ, ಪ್ರಯಾಣಿಕರ ವಾಹನವನ್ನು ಲಿಖಿತ ಷರತ್ತಿನೊಡನೆ ನಿಗದಿಪಡಿಸಿರಿ. ನಾಲ್ಕು ದಿನ ಮುಂಚಿನಿಂದ ಮೂರು ಅಂಕಿಗಳನ್ನು ಬರೆದಿಡಿರಿ. ಹಿಂದಿನ ಸಂಜೆ ಹುಣಸಗಿ ಅಥವಾ ಲಿಂಗಸುಗೂರಿನ ಪರಿಚಯಸ್ಥ ವ್ಯಾಪಾರಿಯೊಬ್ಬರಿಗೆ ದೂರವಾಣಿ ಮಾಡಿ ರಸ್ತೆ, ಸೇತುವೆಗಳ ಸ್ಥಿತಿಯನ್ನು ಕೇಳಿರಿ. ಅಂಕಿ ಏರುತ್ತಿದ್ದರೆ ಬೋನಾಳಕ್ಕೋ ಶಹಾಪುರಕ್ಕೋ ಬಸ್ಸನ್ನು ತಿರುಗಿಸಿರಿ.

ನಮ್ಮ ಅಕ್ಕಿ ಗಿರಣಿಗಳಿಗೆ ಭತ್ತವೂ, ಜಿನ್ನಿಂಗ್ ಕಾರ್ಖಾನೆಗಳಿಗೆ ಹತ್ತಿಯೂ ಬರುತ್ತಿರುವುದರಲ್ಲಿ ನಾರಾಯಣಪುರ ಎಡದಂಡೆ ಕಾಲುವೆಯ ನೀರಿನ ಪಾಲು ದೊಡ್ಡದು. ಆ ಕಾಲುವೆಗೆ ಎಷ್ಟು ದಿನ ನೀರು ಬಿಡುತ್ತಾರೆಂಬುದನ್ನು ಪ್ರತಿ ಹಂಗಾಮಿನಲ್ಲೂ ವಿಚಾರಿಸಿಯೇ ನಾವು ವ್ಯಾಪಾರದ ಅಂದಾಜು ಹಾಕುತ್ತೇವೆ. ಅದೇ ಜಲಾಶಯದಿಂದ ಕಂದರಕ್ಕೆ ಎಷ್ಟು ನೀರು ಹೋಗುತ್ತಿದೆ ಎಂಬ ಇನ್ನೊಂದು ಅಂಕಿಯನ್ನೂ ವಿಚಾರಿಸಿ ಹೊರಟರೆ, ಹೋದವರೆಲ್ಲರೂ ಸಂಜೆ ಸುಖವಾಗಿ ಮನೆ ಸೇರಬಹುದು.